ಸಾರು ಕಹಿಯಾದ ದಿನ: ಅಲ್ಝೈಮರ್‌ನ ಮೊದಲ ಸುಳಿವುಗಳನ್ನು ಮನೆಯವರು ಗುರುತಿಸುವುದು ಹೇಗೆ

ನಮ್ಮ ಅತ್ತೆ ನಲವತ್ತು ವರ್ಷ ಮನೆಯಲ್ಲೇ ಸಾರಿನ ಪುಡಿ ಮಾಡಿದವರು. ಪ್ರತಿ ಬೇಸಿಗೆ ಬ್ಯಾಡಗಿ ಮೆಣಸಿನಕಾಯಿ ಒಣಗಿಸುತ್ತಿದ್ದರು. ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಮೆಣಸು ಎಲ್ಲ ಒಂದೊಂದಾಗಿ ಹುರಿದು ಮಿಲ್ಲಿಗೆ ಕಳಿಸುತ್ತಿದ್ದರು. ಅಳತೆ ಎಲ್ಲೂ ಬರೆದಿಟ್ಟಿರಲಿಲ್ಲ, ಕೈಯಲ್ಲೇ ಇತ್ತು. ಒಂದು ವರ್ಷ ಪುಡಿ ಕಹಿಯಾಯಿತು. ಮೆಂತ್ಯ ಎರಡು ಸಲ ಬಿದ್ದಿತ್ತು. "ಈ ಸಲದ ಮೆಂತ್ಯನೇ ಸರಿಯಿಲ್ಲ" ಅಂದರು ಅತ್ತೆ. ಮಾವ ತಲೆ ತಗ್ಗಿಸಿಕೊಂಡು ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ನಾವು ನಕ್ಕು ಸುಮ್ಮನಾದೆವು.

ಅದೇ ಮೊದಲ ಸುಳಿವು ಅಂತ ತಿಳಿಯುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ಆ ಎರಡು ವರ್ಷ ನಮ್ಮ ಕಣ್ಣು ಮುಚ್ಚಿಸಿದ್ದು ಒಂದು ಗಾದೆ: "ಅರವತ್ತಕ್ಕೆ ಅರಳು ಮರಳು." ಅತ್ತೆಗೆ ಆಗ 67. ಮೊದಲು ತೋರಿಸಿದ ಡಾಕ್ಟರ್ ಬಿಪಿ ನೋಡಿ, "ವಯಸ್ಸಾಯ್ತಲ್ಲಮ್ಮ, ಇನ್ನೇನು" ಅಂತ ಕಳಿಸಿಕೊಟ್ಟರು. ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಯಿತು. ಆಗಬಾರದಿತ್ತು.

ಈಗ ಯಾರಾದರೂ "ನಮ್ಮಮ್ಮಂಗೂ ಮರೆವು ಜಾಸ್ತಿಯಾಗಿದೆ, ಏನ್ ಮಾಡೋದು" ಅಂತ ಕೇಳಿದಾಗ ನಾನು ಹೇಳುವುದನ್ನೆಲ್ಲ ಇಲ್ಲಿ ಒಂದು ಕಡೆ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಕಾಯಿಲೆ ಹೌದೋ ಅಲ್ಲವೋ ಅಂತ ತೀರ್ಮಾನ ಮಾಡುವುದು ಅವರ ಕೆಲಸ. ಆದರೆ ಡಾಕ್ಟರ್ ಮುಂದೆ ಇಡಬೇಕಾದ ಮಾಹಿತಿ ಇರುವುದು ಮನೆಯವರ ಹತ್ತಿರ ಮಾತ್ರ.

## ಮೊದಲು ಕಾಯಿಲೆಯ ಬಗ್ಗೆ ಸ್ವಲ್ಪ

ಡಿಮೆನ್ಷಿಯಾ ಮತ್ತು ಅಲ್ಝೈಮರ್, ಜ್ವರ ಮತ್ತು ಟೈಫಾಯ್ಡ್ ಇದ್ದ ಹಾಗೆ. ನೆನಪು, ಯೋಚನೆ, ಮಾತು ಕುಸಿದು ದಿನದ ಕೆಲಸಕ್ಕೇ ತೊಂದರೆಯಾದರೆ ಅದು ಡಿಮೆನ್ಷಿಯಾ. ಅದಕ್ಕೆ ಹಲವು ಕಾರಣಗಳಿವೆ. ಅವುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಅಲ್ಝೈಮರ್. ಕೆಲವರು ಡಿಮೆನ್ಷಿಯಾಗೆ 'ಬುದ್ಧಿಮಾಂದ್ಯತೆ' ಅಂತ ಬರೆಯುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಬುದ್ಧಿಮಾಂದ್ಯತೆ ಚಿಕ್ಕಂದಿನಿಂದಲೇ ಇರುವಂಥದ್ದು. ಇಲ್ಲಿ ಚೆನ್ನಾಗಿ ಓಡುತ್ತಿದ್ದ ತಲೆ ಮೆಲ್ಲಗೆ ಸೋಲುತ್ತಾ ಬರುತ್ತದೆ. ಅದಕ್ಕೆ ನಾನು 'ಮರೆವಿನ ಕಾಯಿಲೆ' ಅಂತಲೇ ಹೇಳುತ್ತೇನೆ. ಹಾಗಂತ ಅದು ಯಾವಾಗಲೂ ಮರೆವಿನಿಂದಲೇ ಶುರುವಾಗಬೇಕು ಅಂತಿಲ್ಲ.

1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಆಗಸ್ಟೆ ಡೀಟರ್ ಎಂಬ 51 ವರ್ಷದ ಹೆಂಗಸನ್ನು ಕರೆತಂದರು. ಅವಳನ್ನು ನೋಡಿದ ಡಾಕ್ಟರ್ ಅಲೋಯಿಸ್ ಅಲ್ಝೈಮರ್. ಮನೆಯವರಿಗೆ ಮೊದಲು ಕಂಡ ಬದಲಾವಣೆ ಏನು ಗೊತ್ತಾ? ಗಂಡನ ಮೇಲೆ ಅನುಮಾನ. ಮರೆವು ಆಮೇಲೆ ಬಂತು. 1906ರಲ್ಲಿ ಅವಳು ತೀರಿಕೊಂಡ ಮೇಲೆ ಅಲ್ಝೈಮರ್ ಅವಳ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳ ನಡುವೆ ಗಂಟುಗಂಟಾದ ಕಸ, ಕೋಶಗಳ ಒಳಗೆ ಸಿಕ್ಕುಬಿದ್ದ ಎಳೆಗಳು ಕಂಡವು. ಈಗ ಅವುಗಳನ್ನು ಅಮಿಲಾಯ್ಡ್ ಮತ್ತು ಟೌ ಎನ್ನುತ್ತಾರೆ. ಇವು ಲಕ್ಷಣ ಕಾಣುವುದಕ್ಕೆ 15-20 ವರ್ಷ ಮೊದಲೇ ಶೇಖರವಾಗಲು ಶುರುವಾಗುತ್ತವೆ.

ಸಾಮಾನ್ಯವಾಗಿ ಮೊದಲು ಏಟು ಬೀಳುವುದು ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ. ಹೊಸ ವಿಷಯವನ್ನು ದಾಖಲು ಮಾಡಿಕೊಳ್ಳುವ ಗುಮಾಸ್ತ ಅದು. ಗುಮಾಸ್ತ ರಜೆ ಹಾಕಿದರೂ ಹಳೇ ಕಡತಗಳು ಕಪಾಟಿನಲ್ಲಿ ಇದ್ದೇ ಇರುತ್ತವೆ ಅಲ್ವಾ? ಅದಕ್ಕೇ ನಮ್ಮ ಅತ್ತೆ 1974ರ ತಮ್ಮ ಮದುವೆಯಲ್ಲಿ ಯಾವ ಚಿಕ್ಕಪ್ಪ ಮುನಿಸಿಕೊಂಡು ಎದ್ದು ಹೋದರು ಅಂತ ಹೇಳುತ್ತಿದ್ದರು. ಬೆಳಗ್ಗೆ ತಿಂದ ತಿಂಡಿ ಹೇಳಲು ಆಗುತ್ತಿರಲಿಲ್ಲ. "ಐವತ್ತು ವರ್ಷದ ಹಿಂದಿನದ್ದೆಲ್ಲ ನೆನಪಿದೆ, ಇವರಿಗೆಂಥ ಮರೆವು" ಅಂತ ನೆಂಟರು ಹೇಳುತ್ತಾರೆ. ಆ ಮಾತು ನಂಬಿ ಕೂರಬೇಡಿ.

ಇದು ಅಪರೂಪದ ಕಾಯಿಲೆಯೂ ಅಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನಲ್ಲಿ, ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ಶೇ. 7.4ರಷ್ಟು ಜನರಿಗೆ ಡಿಮೆನ್ಷಿಯಾ ಇದೆ. ಅಂದರೆ ಸುಮಾರು 88 ಲಕ್ಷ ಜನ.

## ಹೆಜ್ಜೆ 1: ಅವರನ್ನು ಅವರ ಜೊತೆಗೇ ಹೋಲಿಸಿ

ಪಕ್ಕದ ಮನೆಯ ಎಂಬತ್ತರ ಅಜ್ಜಿ ಪೇಪರ್ ಓದುತ್ತಾರೆ, ನಮ್ಮಮ್ಮ ಓದುವುದಿಲ್ಲ. ಈ ಹೋಲಿಕೆ ಕೆಲಸಕ್ಕೆ ಬಾರದು. ನಿಮ್ಮಮ್ಮ ಯಾವತ್ತೂ ಓದಿದವರೇ ಅಲ್ಲದಿರಬಹುದು. ನಮ್ಮ ಮಾವ ಹುಟ್ಟಾ ಮರೆಗುಳಿ. ಮದುವೆಯಾದ ಹೊಸದರಲ್ಲೇ ಹೆಂಡತಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟು ಬಂದವರು. ಎಂಬತ್ತರಲ್ಲೂ ಅಷ್ಟೇ ಮರೆಯುತ್ತಾರೆ. ಅವರಿಗೆ ಏನೂ ಆಗಿಲ್ಲ.

ಒಂದು ಹಾಳೆ ತೆಗೆದುಕೊಳ್ಳಿ. ಐದು ವರ್ಷದ ಹಿಂದೆ ಇವರು ಯೋಚನೆಯೇ ಮಾಡದೆ ಸಲೀಸಾಗಿ ಮಾಡುತ್ತಿದ್ದ ನಾಲ್ಕೈದು ಕೆಲಸ ಬರೆಯಿರಿ. ಗೌರಿ ಹಬ್ಬದ ಅಡುಗೆ, ಹಾಲಿನ ಲೆಕ್ಕ, ಸೊಸೈಟಿ ಕೆಲಸ, ತೋಟಕ್ಕೆ ನೀರು ಬಿಡುವ ಸರದಿ, ಸ್ವೆಟರ್ ಹಾಕುವುದು, ಎಲ್ಲ ಮೊಮ್ಮಕ್ಕಳ ಹುಟ್ಟಿದ ದಿನ. ಇನ್ನು ಮುಂದೆ ನೀವು ಕಣ್ಣಿಡಬೇಕಾದ್ದು ಈ ಕೆಲಸಗಳ ಮೇಲೆ. ಓದು ಬರಹ ಬಾರದವರಿಗೂ ಈ ವಿಧಾನ ಹೊಂದುತ್ತದೆ. ಸಂತೆ ಯಾವ ದಿನ, ಯಾವ ಹಸು ಯಾವಾಗ ಕರು ಹಾಕಿತು ಅಂತ ತಟ್ಟನೆ ಹೇಳುತ್ತಿದ್ದ ರೈತ ಈಗ ತಡವರಿಸುತ್ತಿದ್ದರೆ ಅದು ಸುಳಿವು. ಇಂಗ್ಲಿಷ್ ತಿಂಗಳ ಹೆಸರು ಗೊತ್ತಿಲ್ಲ ಅನ್ನುವುದು ಸುಳಿವೇ ಅಲ್ಲ.

## ಹೆಜ್ಜೆ 2: ಎಲ್ಲೆಲ್ಲಿ ನೋಡಬೇಕು

ಮೊದಲು ಮಾತು. ಕೇಳಿದ್ದನ್ನೇ ಕೇಳುವುದು ಎಲ್ಲರಿಗೂ ಗೊತ್ತಿರುವ ಲಕ್ಷಣ. ಆದರೆ ಕೇಳುವ ರೀತಿ ಗಮನಿಸಿ. ಮರೆಗುಳಿಯಾದವರು "ಆಗಲೇ ಕೇಳಿದ್ನಾ? ಇನ್ನೊಂದ್ಸಲ ಹೇಳು" ಅಂತಾರೆ. ಕಾಯಿಲೆ ಇರುವವರಿಗೆ ಪ್ರತಿ ಸಲವೂ ಅದು ಮೊದಲ ಸಲವೇ. ಅದೇ ದನಿ, ಅದೇ ಕಾತರ. "ಗ್ಯಾಸ್‌ನವನು ಬಂದಿದ್ನೇನೇ?" ಅಂತ ನಮ್ಮ ಅತ್ತೆ ಒಂದೇ ಗಂಟೆಯಲ್ಲಿ ಐದು ಸಲ ಕೇಳಿದ್ದರು. ಐದನೆಯ ಸಲ ನಾನು ರೇಗಿದೆ. ಅವರು ನಿಜವಾಗಿಯೂ ಬೆಚ್ಚಿದರು. ಯಾಕೆ ಬೈಸಿಕೊಂಡೆ ಅಂತಲೇ ಅವರಿಗೆ ಗೊತ್ತಾಗಲಿಲ್ಲ.

ಇದನ್ನು ತಿಳಿಯಲು ಒಂದು ಸುಲಭ ಉಪಾಯ ಇದೆ. ಹೋದ ವಾರ ನಡೆದದ್ದೊಂದರ ಬಗ್ಗೆ ಮಾತು ತೆಗೆಯಿರಿ. "ಭಾನುವಾರ ಮದುವೆಗೆ ಹೋಗಿದ್ವಲ್ಲ." ನೆನಪಾಗದಿದ್ದರೆ ಒಂದು ಸುಳಿವು ಕೊಡಿ. "ಅದೇ, ಛತ್ರದ ಮುಂದೆ ಮಳೆಗೆ ಸಿಕ್ಕಿಹಾಕ್ಕೊಂಡ್ವಲ್ಲ." ಬರೀ ವಯಸ್ಸಿನ ಮರೆವಾದರೆ ಇಷ್ಟಕ್ಕೇ ಬಾಗಿಲು ತೆರೆಯುತ್ತದೆ. "ಓ, ಹೌದು ಕಣೆ! ಒಬ್ಬಟ್ಟು ತಣ್ಣಗಿತ್ತು" ಅಂತ ನೀವು ಹೇಳದ ಸಂಗತಿಯೊಂದನ್ನು ಅವರೇ ಸೇರಿಸುತ್ತಾರೆ. ಕಾಯಿಲೆ ಇದ್ದರೆ ಎಷ್ಟು ಸುಳಿವು ಕೊಟ್ಟರೂ "ಹೌದೌದು, ಚೆನ್ನಾಗಿತ್ತು" ಅನ್ನುವಲ್ಲಿಗೇ ನಿಲ್ಲುತ್ತದೆ. ತಮ್ಮದೇ ಆದ ಒಂದು ವಿವರವೂ ಬರುವುದಿಲ್ಲ. ಆ ಮದುವೆ ಅವರೊಳಗೆ ದಾಖಲಾಗಿಯೇ ಇಲ್ಲ. 'ಹೌದೌದು'ಗೆ ಮೋಸಹೋಗಬೇಡಿ. ಮರ್ಯಾದಸ್ಥರು, ಮಾತು ಬಲ್ಲವರು ಈ ಒಂದು ಪದದಲ್ಲೇ ವರ್ಷಗಟ್ಟಲೆ ಕಾಲ ತಳ್ಳುತ್ತಾರೆ.

ಪದಗಳೂ ಕೈಕೊಡುತ್ತವೆ. ಹೆಸರು ತಟ್ಟನೆ ಬಾಯಿಗೆ ಬರದೆ ಹತ್ತು ನಿಮಿಷ ಬಿಟ್ಟು ಬರುವುದು ನನಗೂ ಆಗುತ್ತದೆ, ನಿಮಗೂ ಆಗುತ್ತದೆ. ಆದರೆ ಜಾಲರಿಗೆ 'ಆ ಹಿಟ್ಟಿಂದು', ಇಕ್ಕಳಕ್ಕೆ 'ಪಾತ್ರೆ ಹಿಡಿಯೋದು' ಅಂತ ದಿನವೂ ಮುಟ್ಟುವ ಸಾಮಾನಿನ ಹೆಸರೇ ತಪ್ಪಿಹೋಗಿ, ಮಾತಿನ ತುಂಬ ಅದು, ಇದು, ಅದೇ ತುಂಬಿಕೊಳ್ಳತೊಡಗಿದರೆ ಬರೆದಿಟ್ಟುಕೊಳ್ಳಿ.

ಇನ್ನು ಕೆಲಸ. ನಾವು ಎಡವಿದ್ದು ಇಲ್ಲೇ. ಹಂತ ಹಂತವಾಗಿ ಮಾಡುವ ಕೆಲಸದಲ್ಲಿ ಮೊದಲು ಬಿರುಕು ಕಾಣುತ್ತದೆ. ಒಂದು ಅನ್ನ-ಸಾರು ಸಲೀಸಾಗಿ ಮಾಡುತ್ತಾರೆ. ಹಬ್ಬದ ದಿನ ಪಲ್ಯ, ಕೋಸಂಬರಿ, ಪಾಯಸ, ಚಿತ್ರಾನ್ನ ಎಲ್ಲ ಒಟ್ಟಿಗೆ ಆಗಬೇಕಾದಾಗ ಕೈ ನಿಲ್ಲುತ್ತದೆ. ಒಗ್ಗರಣೆಗೆ ಇಟ್ಟ ಎಣ್ಣೆ ಹೊಗೆಯಾಡುತ್ತಿದ್ದರೂ ಸಾಸಿವೆ ಡಬ್ಬಿ ಹಿಡಿದು ನಿಂತಿರುತ್ತಾರೆ. ಮೆಲ್ಲಗೆ ಅಡುಗೆಯ ಬಗೆಗಳೇ ಕಡಿಮೆಯಾಗುತ್ತವೆ. "ಯಾರ್ ತಿಂತಾರೆ ಅಷ್ಟೆಲ್ಲ" ಅಂತ ಒಂದು ನೆಪ ಬರುತ್ತದೆ. ನೆಪ ಹುಟ್ಟಿಕೊಂಡಿದ್ದು ಯಾವಾಗ ಅಂತ ನೋಡಿ.

ಗಂಡಸರಲ್ಲಿ ಇದು ಹೆಚ್ಚಾಗಿ ದುಡ್ಡಿನಲ್ಲಿ ಕಾಣುತ್ತದೆ, ಯಾಕೆಂದರೆ ಎಷ್ಟೋ ಮನೆಗಳಲ್ಲಿ ಅವರು ಮಾಡುವ ಹಂತಹಂತದ ಕೆಲಸ ಅದೊಂದೇ. ಕರೆಂಟ್ ಬಿಲ್ ಎರಡು ಸಲ ಕಟ್ಟುತ್ತಾರೆ ಅಥವಾ ಕಟ್ಟುವುದೇ ಇಲ್ಲ. ಎಟಿಎಂ ಪಿನ್ ಮೂರು ಸಲ ತಪ್ಪಿ ಕಾರ್ಡ್ ಬ್ಲಾಕ್ ಆಗುತ್ತದೆ. ಫೋನ್‌ಪೇನಲ್ಲಿ 500ರ ಬದಲು 5000 ಹೋಗುತ್ತದೆ. ಒಂದು ಪೈಸೆಗೂ ಲೆಕ್ಕ ಕೇಳುತ್ತಿದ್ದವರು ಯಾವನೋ ಫೋನ್ ಮಾಡಿ "ಕೆವೈಸಿ" ಅಂದ ಕೂಡಲೇ ಓಟಿಪಿ ಹೇಳಿಬಿಡುತ್ತಾರೆ. ಮೋಸ ಯಾರಿಗೆ ಬೇಕಾದರೂ ಆಗಬಹುದು. ಆದರೆ ಒಂದೇ ಮೋಸ ಎರಡನೇ ಸಲ ಆದರೆ ಸುಮ್ನೆ ಬಿಡಬೇಡಿ.

ಕಣ್ಣು ಮತ್ತು ಜಾಗ. ಇದನ್ನು ಕಾಯಿಲೆ ಅಂತ ಯಾರೂ ಎಣಿಸುವುದಿಲ್ಲ. ಅತ್ತೆ ಧನುರ್ಮಾಸ ಬಂತೆಂದರೆ ದೊಡ್ಡ ದೊಡ್ಡ ಚುಕ್ಕೆ ರಂಗೋಲಿ ಹಾಕುತ್ತಿದ್ದರು. 15 ಚುಕ್ಕೆ, 8ರವರೆಗೆ, ಮಧ್ಯ ಚುಕ್ಕೆ. ಆ ವರ್ಷ ಒಂದು ಬೆಳಗ್ಗೆ ಹೋಗಿ ನೋಡುತ್ತೇನೆ, ಚುಕ್ಕೆಗಳು ಸಾಲಿನಲ್ಲಿ ಸರಿಯಾಗಿವೆ, ಗೆರೆಗಳು ಮಾತ್ರ ಎಲ್ಲೆಲ್ಲೋ ಹೋಗಿ ಕೂಡಿಕೊಳ್ಳದೆ ನಿಂತಿವೆ. ಅತ್ತೆ ಪೊರಕೆ ಹಿಡಿದು ನಿಂತಿದ್ದರು. "ಚಳಿಗೆ ಕೈ ನಡುಗ್ತು" ಅಂತ ಎಲ್ಲ ಗುಡಿಸಿಬಿಟ್ಟರು. ಮಾರನೇ ದಿನದಿಂದ ಬಾಗಿಲಲ್ಲಿ ಸ್ಟಿಕ್ಕರ್ ರಂಗೋಲಿ. ನಾನು ಖುಷಿಪಟ್ಟೆ, ಪಾಪ ಬಗ್ಗುವ ಕಷ್ಟ ತಪ್ಪಿತು ಅಂತ.

ಮೆಟ್ಟಿಲಿನ ಎತ್ತರ ಸಿಗದೆ ಕಾಲು ತಡಕಾಡುವುದು, ಲೋಟದ ಅಂಚಿಗೆ ಸರಿಯಾಗಿ ಕಾಫಿ ಬಗ್ಗಿಸಲು ಆಗದಿರುವುದು, ಗಡಿಯಾರ ನೋಡಿದರೂ ಗಂಟೆ ತಿಳಿಯದಿರುವುದು, ಸೀರೆ ನೆರಿಗೆ ಹಿಡಿಯಲು ಒದ್ದಾಡುವುದು ಇವೆಲ್ಲ ಇದೇ ಸಾಲಿಗೆ ಸೇರುತ್ತವೆ. ಕಣ್ಣಿನ ಡಾಕ್ಟರ್ "ಕಣ್ಣು ಚೆನ್ನಾಗಿದೆ" ಅಂದ ಮೇಲೂ ತೊಂದರೆ ಇದ್ದರೆ ನೋಡುವ ಕೆಲಸದಲ್ಲಿ ಮೆದುಳು ಎಡವುತ್ತಿರಬಹುದು. ದಾರಿ ತಪ್ಪುವುದೂ ಇದರದ್ದೇ ಭಾಗ. ಹೊಸ ಊರಿನಲ್ಲಿ ತಪ್ಪಿದರೆ ಪರವಾಗಿಲ್ಲ. ನಮ್ಮ ಅತ್ತೆ ಮೂವತ್ತು ವರ್ಷ ದಿನಾ ನಡೆದ ಮೈಸೂರಿನ ಒಂಟಿಕೊಪ್ಪಲಿನ ದೇವಸ್ಥಾನದಿಂದ ಮನೆಗೆ ಬರಲು ಒಂದೂವರೆ ಗಂಟೆ ತೆಗೆದುಕೊಂಡಿದ್ದರು. ಹದಿನೈದು ನಿಮಿಷದ ದಾರಿ. "ಯಾರೋ ಸಿಕ್ಕಿದ್ರು" ಅಂದರು.

ಸಾಮಾನು ಕಳೆಯುವುದು ಇನ್ನೊಂದು. ಕನ್ನಡಕ ಟಿವಿ ಮೇಲಿಟ್ಟು ಹುಡುಕುವುದು ಮಾಮೂಲಿ. ಕನ್ನಡಕ ಅಕ್ಕಿ ಡಬ್ಬದಲ್ಲಿ ಸಿಕ್ಕರೆ ಯೋಚಿಸಬೇಕು. ಎಲ್ಲಿಟ್ಟೆ ಅನ್ನುವ ನೆನಪೇ ಇರುವುದಿಲ್ಲವಲ್ಲ, ಆಗ ತಲೆ ತಾನೇ ಒಂದು ಕಥೆ ಕಟ್ಟುತ್ತದೆ: ಯಾರೋ ಕದ್ದರು. ಆ 'ಯಾರೋ' ಹೆಚ್ಚಾಗಿ ಕೆಲಸದವಳು, ಇಲ್ಲವೇ ಸೊಸೆ. ನಮ್ಮ ಮನೆಯಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದ ಹೆಂಗಸು ಕಣ್ಣೀರು ಹಾಕಿಕೊಂಡು ಬಿಟ್ಟುಹೋದಳು. ಬಳೆ ಆಮೇಲೆ ದೇವರ ಮನೆಯ ಬತ್ತಿ ಡಬ್ಬಿಯಲ್ಲಿ ಸಿಕ್ಕಿತು. ವಯಸ್ಸಾದ ಮೇಲೆ ಇದ್ದಕ್ಕಿದ್ದ ಹಾಗೆ ಅನುಮಾನದ ಬುದ್ಧಿ ಬಂದರೆ ಅದನ್ನು ಅತ್ತೆ-ಸೊಸೆ ಜಗಳದ ಲೆಕ್ಕಕ್ಕೆ ಬರೆಯಬೇಡಿ. ಫ್ರಾಂಕ್‌ಫರ್ಟ್‌ನ ಆ ಹೆಂಗಸನ್ನು ನೆನಪಿಸಿಕೊಳ್ಳಿ.

ಕೊನೆಯದು ಮೌನ. ಭಜನಾ ಮಂಡಳಿಗೆ ಹೋಗುವುದು ನಿಂತಿತು. ಧಾರಾವಾಹಿ ಓಡುತ್ತಿರುತ್ತದೆ, ಕಣ್ಣು ಟಿವಿ ಮೇಲಿದೆ, ಕಥೆ ಕೇಳಿದರೆ ಹೇಳಲಾರರು. ಫೋನ್ ಬಂದರೆ "ತಗೋ, ನೀನೇ ಮಾತಾಡು" ಅಂತ ಬೇರೆಯವರ ಕೈಗೆ ಕೊಡುತ್ತಾರೆ. ಸೋಮಾರಿತನ ಅಂತ ಬೈಯುತ್ತೇವೆ. ತಾನು ತಪ್ಪುತ್ತೇನೆ ಅಂತ ಒಳಗೊಳಗೇ ಗೊತ್ತಾಗಿ ಹಿಂದೆ ಸರಿಯುತ್ತಿರಬಹುದು, ಅಥವಾ ಆಸಕ್ತಿಯ ಬೇರೇ ಒಣಗಿರಬಹುದು.

ಇನ್ನೊಂದು ಸಣ್ಣ ಗುರುತು ಇದೆ, ಡಾಕ್ಟರುಗಳೂ ಇದನ್ನು ನೋಡುತ್ತಾರೆ. ಪ್ರಶ್ನೆ ಕೇಳಿದ ಕೂಡಲೇ ಪಕ್ಕದವರ ಕಡೆ ಕತ್ತು ತಿರುಗುತ್ತದೆ. "ಬೆಳಗ್ಗೆ ಏನ್ ತಿಂಡಿ ಆಯ್ತಮ್ಮ?" ಅಂದರೆ ಅತ್ತೆ ಮಾವನ ಕಡೆ ತಿರುಗಿ, "ಹೇಳ್ರೀ, ಏನ್ ತಿಂದ್ವಿ?" ಅನ್ನುತ್ತಿದ್ದರು. ಮಾವ ತಕ್ಷಣ "ಉಪ್ಪಿಟ್ಟು" ಅನ್ನುತ್ತಿದ್ದರು. ಐವತ್ತು ವರ್ಷದ ಸಂಸಾರದಲ್ಲಿ ಒಬ್ಬರ ನೆನಪನ್ನು ಇನ್ನೊಬ್ಬರು ಹೊತ್ತುಕೊಳ್ಳುವುದು ಎಷ್ಟು ಸಲೀಸು ಅಂದರೆ, ಹೊರಗಿನವರಿಗಿರಲಿ ಮಕ್ಕಳಿಗೂ ಕಾಣುವುದಿಲ್ಲ. ಜೋಡಿಯಲ್ಲಿ ಒಬ್ಬರು ತೀರಿಕೊಂಡ ಮೇಲೆ "ಅಪ್ಪ ಹೋದ ದುಃಖಕ್ಕೆ ಅಮ್ಮ ಹೀಗಾದ್ಲು" ಅಂತಾರಲ್ಲ, ಎಷ್ಟೋ ಸಲ ಅಮ್ಮ ಮೊದಲೇ ಹಾಗಾಗಿದ್ದಳು, ಅಪ್ಪ ಮುಚ್ಚಿಟ್ಟಿದ್ದರು.

## ಹೆಜ್ಜೆ 3: ಒಂದು ತಿಂಗಳು ಬರೆದಿಡಿ

ಒಂದು ಸಣ್ಣ ನೋಟ್‌ಬುಕ್ ಅಥವಾ ಫೋನಿನ ನೋಟ್ಸ್ ಸಾಕು. ಅವರ ಕಣ್ಣಿಗೆ ಬೀಳದ ಹಾಗೆ ಇಡಿ. "ಅಮ್ಮಂಗೆ ಮರೆವು" ಅಂತ ಬರೆದರೆ ಡಾಕ್ಟರಿಗೆ ಅದರಿಂದ ಏನೂ ಸಿಗುವುದಿಲ್ಲ. ಹೀಗೆ ಬರೆಯಿರಿ:

"ಮಾರ್ಚ್ 3. ಮಧ್ಯಾಹ್ನ 2ರಿಂದ 3ರೊಳಗೆ 'ಗ್ಯಾಸ್ ಬಂತಾ' 5 ಸಲ. ಪ್ರತಿ ಸಲ ಹೊಸದಾಗಿ ಕೇಳಿದ ಹಾಗೆ."

"ಮಾರ್ಚ್ 9. ಬಿಪಿ ಮಾತ್ರೆ ಎರಡು ಸಲ ನುಂಗಿದರು. ಒಂದು ಗಂಟೆ ಹಿಂದೆ ತಗೊಂಡದ್ದು ನೆನಪಿಲ್ಲ."

"ಮಾರ್ಚ್ 16. ನಾದಿನಿ ಮಗಳ ಮದುವೆ ವಿಷಯ ತೆಗೆದೆ. ಸುಳಿವು ಕೊಟ್ಟರೂ ಸಿಗಲಿಲ್ಲ. ಅಲ್ಲಿಗೆ ನಾವು ಹೋಗಿದ್ದೇ ಇಲ್ಲ ಅಂದರು."

ಚೆನ್ನಾಗಿದ್ದ ದಿನವನ್ನೂ ಬರೆಯಿರಿ. ಏರುಪೇರು ಇದ್ದೇ ಇರುತ್ತದೆ. ಜೊತೆಗೆ ಯಾವಾಗಿಂದ ಶುರು, ಮೆಲ್ಲಗೆ ಬಂತೋ ಇದ್ದಕ್ಕಿದ್ದಂತೆ ಬಂತೋ ಅಂತ ಯೋಚಿಸಿ ಬರೆಯಿರಿ. ಅಲ್ಝೈಮರ್‌ಗೆ ಶುರುವಾದ ತಾರೀಖು ಇರುವುದಿಲ್ಲ. ಹೆಚ್ಚೆಂದರೆ "ಗೃಹಪ್ರವೇಶದ ಸುಮಾರಿಗೆ" ಅಂತ ಹೇಳಬಹುದು.

ತಿಂಗಳ ಕೊನೆಗೆ ನಿಮ್ಮನ್ನೇ ಎಂಟು ವಿಷಯ ಕೇಳಿಕೊಳ್ಳಿ. ಎಡಿ8 ಎಂಬ ಪ್ರಶ್ನಾವಳಿಯಲ್ಲಿ ಇರುವುದು ಇವೇ. ಹಿಂದಿಗಿಂತ ಈಗ ತಿಳಿಗೇಡಿ ನಿರ್ಧಾರ ಮಾಡುತ್ತಾರಾ? ಇಷ್ಟದ ಕೆಲಸಗಳಲ್ಲಿ ಆಸಕ್ತಿ ಕಡಿಮೆಯಾಗಿದೆಯಾ? ಹೇಳಿದ್ದನ್ನೇ ಹೇಳುತ್ತಾರಾ? ಹೊಸ ರಿಮೋಟ್, ಮಿಕ್ಸಿ ಬಳಸಲು ಕಲಿಯುವುದು ಕಷ್ಟವಾಗಿದೆಯಾ? ತಿಂಗಳು, ವರ್ಷ ತಪ್ಪುತ್ತಾರಾ? ಹಣಕಾಸಿನ ಗೋಜಲು ಬಿಡಿಸಲು ಒದ್ದಾಡುತ್ತಾರಾ? ಹೋಗಬೇಕಾದ ಕಡೆ, ದಿನ ಮರೆಯುತ್ತಾರಾ? ನೆನಪು, ಯೋಚನೆಯ ತೊಂದರೆ ದಿನವೂ ಇದೆಯಾ? ಮಂಡಿ ನೋವಿನಿಂದ ಅಡುಗೆ ಬಿಟ್ಟಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡು ಅಥವಾ ಹೆಚ್ಚು 'ಹೌದು' ಬಂದರೆ ಡಾಕ್ಟರ್ ಹತ್ತಿರ ಹೋಗಬೇಕು. ಅಷ್ಟೇ ಅದರ ಅರ್ಥ. ಕಾಯಿಲೆ ಖಚಿತ ಅಂತಲ್ಲ.

ದಯವಿಟ್ಟು ಊಟಕ್ಕೆ ಕೂತಾಗ "ಹೇಳಿ ನೋಡೋಣ, ಇವತ್ತು ಯಾವ ವಾರ?" ಅಂತ ಪರೀಕ್ಷೆ ಇಡಬೇಡಿ. ನಾವು ಇಟ್ಟಿದ್ದೆವು. ಅತ್ತೆ ಎದ್ದುಹೋದರು.

## ಹೆಜ್ಜೆ 4: ಸರಿಪಡಿಸಬಹುದಾದ ಕಾರಣ ಇದೆಯಾ?

ಎಲ್ಲ ಮರೆವೂ ಅಲ್ಝೈಮರ್ ಅಲ್ಲ. ಹೆದರಿಕೊಂಡು ಮನೆಯಲ್ಲೇ ಕೂತರೆ ವಾಸಿಯಾಗುವ ಕಾಯಿಲೆಯೂ ಕೈತಪ್ಪುತ್ತದೆ.

ವಿಟಮಿನ್ ಬಿ12 ಕೊರತೆ ಸಸ್ಯಾಹಾರಿಗಳ ಮನೆಗಳಲ್ಲಿ ಸಾಮಾನ್ಯ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಹೊಟ್ಟೆ ಉರಿಗೆ ಗ್ಯಾಸಿನ ಮಾತ್ರೆ ವರ್ಷಗಟ್ಟಲೆ ನುಂಗುವವರಲ್ಲಿ ಅದು ಇನ್ನೂ ಜಾಸ್ತಿ. ಥೈರಾಯ್ಡ್ ಕಡಿಮೆಯಾದರೂ ತಲೆ ಮಂಕಾಗುತ್ತದೆ. ಬಿಪಿಯ ಕೆಲವು ಮಾತ್ರೆಗಳಿಂದ ಸೋಡಿಯಂ ಇಳಿದು ಗೊಂದಲ ಬರಬಹುದು. ನಿದ್ದೆ ಮಾತ್ರೆ, ನೆಗಡಿ-ಅಲರ್ಜಿಯ ಕೆಲವು ಮಾತ್ರೆ, ಮೂತ್ರ ತಡೆಯಲು ಕೊಡುವ ಕೆಲವು ಮಾತ್ರೆಗಳೂ ವಯಸ್ಸಾದವರ ನೆನಪು ಕೆಡಿಸುತ್ತವೆ. ಅದಕ್ಕೇ ಡಾಕ್ಟರ್ ಹತ್ತಿರ ಹೋಗುವಾಗ ಮಾತ್ರೆ ಡಬ್ಬಿಯನ್ನೇ ತೆಗೆದುಕೊಂಡು ಹೋಗಿ. ಮೆಡಿಕಲ್ ಶಾಪಿನಿಂದ ತಂದದ್ದು, ಪಕ್ಕದ ಮನೆಯವರು ಕೊಟ್ಟ ಚೂರ್ಣ ಎಲ್ಲ ಅದರಲ್ಲಿರಲಿ.

ಕಿವಿ ಮರೆಯಬೇಡಿ. ಸರಿಯಾಗಿ ಕೇಳಿಸದಿದ್ದರೆ ನೆನಪಿಟ್ಟುಕೊಳ್ಳುವುದಾದರೂ ಏನನ್ನ? ಅದಲ್ಲದೆ ಕಿವುಡುತನವೇ ಡಿಮೆನ್ಷಿಯಾದ ಅಪಾಯ ಹೆಚ್ಚಿಸುತ್ತದೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಬದಲಾಯಿಸಬಹುದಾದ 14 ಅಪಾಯಗಳಲ್ಲಿ ಅದೂ ಒಂದು.

ಖಿನ್ನತೆಯೂ ಮರೆವಿನ ವೇಷ ಹಾಕುತ್ತದೆ. ಬೇರ್ಪಡಿಸಲು ಒಂದು ದಾರಿ: ಖಿನ್ನತೆ ಇರುವವರು ತಾವೇ "ನನಗೆ ಏನೂ ನೆನಪಿರಲ್ಲ" ಅಂತ ಗೋಳಾಡುತ್ತಾರೆ, ಪ್ರಶ್ನೆಗೆ "ಗೊತ್ತಿಲ್ಲ" ಅಂದುಬಿಡುತ್ತಾರೆ. ಅಲ್ಝೈಮರ್ ಇರುವವರು "ನನಗೇನಾಗಿದೆ, ಚೆನ್ನಾಗೇ ಇದ್ದೀನಿ" ಅಂತಾರೆ, ಉತ್ತರ ಗೊತ್ತಿಲ್ಲದಿದ್ದರೂ ಏನೋ ಒಂದು ಹೇಳುತ್ತಾರೆ. ಕಂಪ್ಲೇಂಟ್ ಮಾಡುವುದು ಮನೆಯವರು. ಇದು ನೂರಕ್ಕೆ ನೂರು ನಿಲ್ಲುವ ಮಾತಲ್ಲ, ಎರಡೂ ಒಟ್ಟಿಗೆ ಇರಬಹುದು.

ಈಗ ಬಹಳ ಮುಖ್ಯವಾದದ್ದು. ಚೆನ್ನಾಗಿದ್ದವರು ಇದ್ದಕ್ಕಿದ್ದಂತೆ ಒಂದೆರಡು ದಿನದಲ್ಲೇ ಗೊಂದಲಗೊಂಡರೆ, ಏನೇನೋ ಬಡಬಡಿಸಿದರೆ ಅದು ಅಲ್ಝೈಮರ್‌ನ ಆರಂಭದಂತೆ ಕಾಣುವುದಿಲ್ಲ. ಮೂತ್ರದ ಸೋಂಕು, ನ್ಯುಮೋನಿಯಾ, ಸಕ್ಕರೆ ಇಳಿದದ್ದು ಏನಾದರೂ ಇರಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಪಾರ್ಶ್ವವಾಯು. ಒಂದು ನಿಮಿಷವೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಬಚ್ಚಲಲ್ಲಿ ಜಾರಿ ತಲೆಗೆ ಸಣ್ಣ ಏಟು ಬಿದ್ದು, ವಾರಗಳ ನಂತರ ಮಂಕಾದರೆ ತಲೆಬುರುಡೆಯ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ರಕ್ತ ತೆಳು ಮಾಡುವ ಮಾತ್ರೆ ನುಂಗುವವರಲ್ಲಿ ಇದರ ಭಯ ಹೆಚ್ಚು.

ಇಲ್ಲದ ಮಕ್ಕಳು, ಮನುಷ್ಯರು ಮನೆಯಲ್ಲಿ ಕಾಣುವುದು, ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯುವುದು ಇದ್ದರೆ, ಅಥವಾ ನೆನಪು ಚೆನ್ನಾಗಿದ್ದು ನಾಚಿಕೆ ಬಿಟ್ಟ ನಡವಳಿಕೆ ಮೊದಲು ಬಂದಿದ್ದರೆ ಅದನ್ನು ಬಿಡದೆ ಹೇಳಿ. ಅವು ಬೇರೆ ಬಗೆಯ ಡಿಮೆನ್ಷಿಯಾಗಳ ಗುರುತು, ಔಷಧಿಯೂ ಬೇರೆಯಾಗುತ್ತದೆ.

## ಹೆಜ್ಜೆ 5: ಒಪ್ಪಿಸಿ ಕರೆದುಕೊಂಡು ಹೋಗುವುದು

"ನನಗೇನು ಹುಚ್ಚಾ?" ಎಲ್ಲರ ಮನೆಯಲ್ಲೂ ಇದೇ ಮಾತು. ಇದು ಹಟ ಅಂದುಕೊಳ್ಳಬೇಡಿ. ತನಗೆ ಮರೆತುಹೋಗುತ್ತಿದೆ ಅನ್ನುವುದನ್ನು ಗುರುತಿಸುವ ಶಕ್ತಿಯನ್ನೇ ಈ ಕಾಯಿಲೆ ಎಷ್ಟೋ ಜನರಲ್ಲಿ ಕಿತ್ತುಕೊಳ್ಳುತ್ತದೆ. ವಾದ ಮಾಡಿ ಗೆಲ್ಲಲು ಆಗುವುದಿಲ್ಲ. ನೋಟ್‌ಬುಕ್ ಮುಖದ ಮುಂದೆ ಹಿಡಿದು "ನೋಡಿ ಎಷ್ಟು ಸಲ ಕೇಳಿದ್ದೀರಿ" ಅನ್ನುವುದಂತೂ ಬೇಡವೇ ಬೇಡ.

ನಾವು ಮಾಡಿದ್ದು ಹೀಗೆ. "ಅತ್ತೆ, ನಿಮಗೂ ಮಾವಂಗೂ ಒಟ್ಟಿಗೆ ಚೆಕಪ್ ಮಾಡಿಸೋಣ. ರಕ್ತ ಟೆಸ್ಟ್ ಮಾಡಿಸಿ ಎರಡು ವರ್ಷ ಆಯ್ತು" ಅಂದೆ. ಮಾವ ಮೊದಲು ಚೀಟಿ ಮಾಡಿಸಿಕೊಂಡರು. ಅತ್ತೆ ಜೊತೆಗೆ ಬಂದರು. ಇದರಲ್ಲಿ ಸುಳ್ಳೇನೂ ಇರಲಿಲ್ಲ. ಮಾವನಿಗೂ ಟೆಸ್ಟ್ ಆಯಿತು, ಅವರ ಸಕ್ಕರೆ ಜಾಸ್ತಿ ಇದ್ದದ್ದು ಅವತ್ತೇ ಗೊತ್ತಾಗಿದ್ದು. ನೋಟ್‌ಬುಕ್ಕಿನ ಸಾರಾಂಶವನ್ನು ಒಂದು ಹಾಳೆಗೆ ಇಳಿಸಿ ಮೊದಲೇ ನರ್ಸ್ ಕೈಯಲ್ಲಿ ಡಾಕ್ಟರಿಗೆ ಕಳಿಸಿ. ಅವರ ಎದುರಿಗೇ ಅವರ ತಪ್ಪುಗಳ ಪಟ್ಟಿ ಓದುವುದು ತಪ್ಪುತ್ತದೆ.

## ಹೆಜ್ಜೆ 6: ಡಾಕ್ಟರ್ ಹತ್ತಿರ

ನ್ಯೂರಾಲಜಿಸ್ಟ್, ಮನೋವೈದ್ಯರು, ವೃದ್ಧರ ಕಾಯಿಲೆಯ ತಜ್ಞರು ಯಾರಾದರೂ ಆಗಬಹುದು. ಬೆಂಗಳೂರಿನ ನಿಮ್ಹಾನ್ಸ್ ಎಲ್ಲರಿಗೂ ಗೊತ್ತು. ಆದರೆ ಎಲ್ಲದಕ್ಕೂ ಅಲ್ಲಿಗೇ ಓಡಬೇಕಿಲ್ಲ. ನಿಮ್ಹಾನ್ಸ್ ಮತ್ತು ಸರ್ಕಾರ ಸೇರಿ 2022ರಲ್ಲಿ ಶುರುಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಅಡಿಯಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳಿನ ಆರೋಗ್ಯದ ಕ್ಲಿನಿಕ್‌ಗಳು ಬಂದಿವೆ. ಮೊದಲು ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಒಳಗೆ ನಡೆಯುವುದು ಇಷ್ಟು. ನಿಮ್ಮನ್ನು, ಅವರನ್ನು ಬೇರೆ ಬೇರೆಯಾಗಿ ಮಾತಾಡಿಸುತ್ತಾರೆ. ಮೂರು ಪದ ಹೇಳಿ, ಒಂದು ಗಡಿಯಾರದ ಚಿತ್ರ ಬರೆಸಿ, ಆ ಮೂರು ಪದ ಕೇಳಬಹುದು. ಇನ್ನೂ ವಿವರವಾದ, 30 ಅಂಕದ ಪರೀಕ್ಷೆಗಳೂ ಇವೆ. ಇವುಗಳಲ್ಲಿ ಓದಿದವರು ಹೆಚ್ಚು, ಓದದವರು ಕಡಿಮೆ ತೆಗೆಯುತ್ತಾರೆ. ಆದ್ದರಿಂದ ಅವರು ಎಷ್ಟನೇ ಕ್ಲಾಸ್ ಓದಿದ್ದಾರೆ, ಯಾವ ಮಾಧ್ಯಮ ಅಂತ ಮೊದಲೇ ಹೇಳಿ. ರಿಟೈರಾದ ಮೇಷ್ಟ್ರು 28 ತೆಗೆದರೂ ಒಳಗೆ ಕುಸಿದಿರಬಹುದು. ಆಮೇಲೆ ಬಿ12, ಥೈರಾಯ್ಡ್, ಸೋಡಿಯಂ, ಸಕ್ಕರೆ ಮುಂತಾದ ರಕ್ತ ಪರೀಕ್ಷೆ, ಎಂಆರ್‌ಐ ಅಥವಾ ಸಿಟಿ ಸ್ಕ್ಯಾನ್. ಪೆಟ್ ಸ್ಕ್ಯಾನ್ ದುಬಾರಿ, ಎಲ್ಲರಿಗೂ ಬೇಕಾಗುವುದಿಲ್ಲ. ರಕ್ತದಲ್ಲೇ ಅಲ್ಝೈಮರ್‌ನ ಗುರುತು ನೋಡುವ ಒಂದು ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿದೆ. ಅದು ಲಕ್ಷಣ ಇರುವವರಿಗೆ, ತಜ್ಞರು ಬರೆದುಕೊಟ್ಟ ಮೇಲೆ. ಲಕ್ಷಣವೇ ಇಲ್ಲದವರು ಜಾಹೀರಾತು ನೋಡಿ ಇಂಥ ಟೆಸ್ಟ್ ಮಾಡಿಸಿಕೊಂಡು ನಿದ್ದೆ ಕೆಡಿಸಿಕೊಳ್ಳುವುದು ಬೇಡ.

"ಎಂಸಿಐ" ಅಂತ ಬರೆದುಕೊಟ್ಟರೆ ಗಾಬರಿಯಾಗಬೇಡಿ. ನೆನಪು ಇಳಿದಿದೆ, ಆದರೆ ದಿನದ ಕೆಲಸ ಇನ್ನೂ ಸ್ವಂತವಾಗಿ ನಡೆಯುತ್ತಿದೆ ಅಂತ ಅರ್ಥ. ಕೆಲವರಲ್ಲಿ ಅದು ಮುಂದುವರಿಯುತ್ತದೆ, ಕೆಲವರಲ್ಲಿ ಹಾಗೇ ನಿಲ್ಲುತ್ತದೆ, ಕೆಲವರು ಸುಧಾರಿಸುವುದೂ ಉಂಟು. ಆರು ತಿಂಗಳಿಗೋ ವರ್ಷಕ್ಕೋ ಮತ್ತೆ ತೋರಿಸಬೇಕು. ಡಾಕ್ಟರ್ "ವಯಸ್ಸಾಯ್ತು" ಅಂತಷ್ಟೇ ಹೇಳಿ, ಯಾವ ಪರೀಕ್ಷೆಯನ್ನೂ ಮಾಡದೆ ಕಳಿಸಿದರೆ ಇನ್ನೊಬ್ಬರ ಹತ್ತಿರ ಹೋಗಿ.

## ಹೆಜ್ಜೆ 7: ಹೌದು ಅಂತಾದರೆ, ಮೊದಲ ಆರು ತಿಂಗಳಲ್ಲಿ

ವಾಸಿ ಮಾಡುವ ಔಷಧಿ ಇಲ್ಲ. ಡೊನೆಪೆಝಿಲ್, ರಿವಾಸ್ಟಿಗ್ಮಿನ್, ಮೆಮಾಂಟಿನ್ ಮುಂತಾದವು ಲಕ್ಷಣಗಳನ್ನು ಕೆಲ ಕಾಲ ಹಿಡಿದಿಡಬಹುದು. ಮೊದಲೆರಡರಿಂದ ವಾಕರಿಕೆ, ಭೇದಿ ಬರಬಹುದು, ನಾಡಿ ನಿಧಾನವಾಗಬಹುದು. ಹಾಗೇನಾದರೂ ಆದರೆ ಮಾತ್ರೆ ನೀವೇ ನಿಲ್ಲಿಸದೆ ಡಾಕ್ಟರಿಗೆ ಹೇಳಿ.

"ವಾಸಿಯಾಗದಿದ್ದರೆ ಬೇಗ ತಿಳಿದು ಏನು ಪ್ರಯೋಜನ?" ಅಂತ ನಮ್ಮ ಮಾವ ಕೇಳಿದ್ದರು. ಪ್ರಯೋಜನ ಕಾಗದಪತ್ರದಲ್ಲಿದೆ. ವಿಲ್ ಬರೆಯಲು ತಿಳಿವಳಿಕೆ ಚೆನ್ನಾಗಿರಬೇಕು. ಪವರ್ ಆಫ್ ಅಟಾರ್ನಿ ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ನಮ್ಮ ಕಾನೂನಿನಲ್ಲಿ ಅದು ನಿಲ್ಲುವುದಿಲ್ಲ. ಆದ್ದರಿಂದ ವಿಲ್, ನಾಮಿನಿ, ಜಂಟಿ ಖಾತೆ, ಮನೆ ಪತ್ರ ಎಲ್ಲಿದೆ, ಪಿಂಚಣಿ ಯಾವ ಬ್ಯಾಂಕು ಎಲ್ಲವನ್ನೂ ಅವರೇ ಕೂತು ತೀರ್ಮಾನ ಮಾಡುವಂತಿರುವಾಗಲೇ ಮುಗಿಸಿ, ವಕೀಲರನ್ನು ಕೇಳಿ. ಕಾಯಿಲೆ ಇರುವವರು ತಮ್ಮ ಅಭಿಪ್ರಾಯವನ್ನು ತಾವೇ ಹೇಳುವ ಕಾಲ ಇದು. ಅತ್ತೆ ತಮ್ಮ ಸರ ಯಾವ ಮೊಮ್ಮಗಳಿಗೆ ಅಂತ ಸ್ಪಷ್ಟವಾಗಿ ಹೇಳಿದರು. ಒಂದು ವರ್ಷ ತಡವಾಗಿದ್ದರೆ ಅದು ಜಗಳವಾಗುತ್ತಿತ್ತು.

ಸ್ಕೂಟರ್, ಕಾರು ಓಡಿಸುತ್ತಿದ್ದರೆ ಡಾಕ್ಟರ್ ಬಾಯಲ್ಲೇ ನಿಲ್ಲಿಸಲು ಹೇಳಿಸಿ. ಮಕ್ಕಳು ಹೇಳಿದರೆ ಜಗಳ, ಡಾಕ್ಟರ್ ಹೇಳಿದರೆ ಪಥ್ಯ. ಜೇಬಿನಲ್ಲಿ ಫೋನ್ ನಂಬರ್ ಇರುವ ಚೀಟಿ ಇಡಿ. ಬಿಪಿ, ಸಕ್ಕರೆ ಹತೋಟಿಯಲ್ಲಿರಲಿ, ನಡಿಗೆ ನಿಲ್ಲದಿರಲಿ.

ಮಾತಾಡಲು ಯಾರಾದರೂ ಬೇಕಾದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416, ಹಿರಿಯರ ಸಹಾಯವಾಣಿ 14567 ಇವೆ. ಎರಡಕ್ಕೂ ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್, ಅಲ್ಝೈಮರ್‌ನಂಥ ಕಾಯಿಲೆಗಳಿಗೆಂದೇ ಇರುವ ಎಆರ್‌ಡಿಎಸ್‌ಐ ಸಂಘದ ಬೆಂಗಳೂರು ಶಾಖೆಯಂಥ ಸಂಸ್ಥೆಗಳು ಮನೆಯವರಿಗೂ ದಾರಿ ತೋರಿಸುತ್ತವೆ.

## ದೂರ ಇರುವ ಮಕ್ಕಳಿಗೆ ಒಂದು ಮಾತು

ನನ್ನ ಮೈದುನ ಇರುವುದು ನ್ಯೂಜೆರ್ಸಿಯಲ್ಲಿ. ಪ್ರತಿ ಭಾನುವಾರ ವಿಡಿಯೋ ಕಾಲ್. "ಅತ್ಗೆ, ಅಮ್ಮ ನನ್ನ ಹತ್ರ ಚೆನ್ನಾಗೇ ಮಾತಾಡ್ತಾರಲ್ಲ" ಅನ್ನುತ್ತಿದ್ದ. ನಾನು ಸುಳ್ಳು ಹೇಳುತ್ತಿದ್ದೇನೆ ಅನ್ನುವ ಅರ್ಥವೂ ಅದರಲ್ಲಿ ಇತ್ತು. ಇಪ್ಪತ್ತು ನಿಮಿಷದ ಕಾಲ್‌ನಲ್ಲಿ "ಊಟ ಆಯ್ತಾ, ಮಗು ಹೇಗಿದೆ, ಅಲ್ಲಿ ಚಳಿನಾ" ಎಂಬ ನಾಲ್ಕು ಪ್ರಶ್ನೆಯಲ್ಲೇ ಕಾಲ ಕಳೆಯಬಹುದು. ಅವು ಬಾಯಿಪಾಠ.

ಫೋನಿನಲ್ಲೇ ತಿಳಿಯಬೇಕಾದರೆ ಈ ವಾರದ ಸಂಗತಿ ಕೇಳಿ, ಅವರು ಸ್ವಂತ ವಿವರ ಸೇರಿಸುತ್ತಾರಾ ನೋಡಿ. ಹೋದ ಭಾನುವಾರ ನೀವು ಹೇಳಿದ ಒಂದು ಸುದ್ದಿಯನ್ನೇ ಮತ್ತೆ ಹೇಳಿ. "ಹೇಳಿದ್ಯಲ್ಲೋ ಹೋದ ವಾರ" ಅಂದರೆ ಸಮಾಧಾನ. ಉತ್ತರ ಕೊಡುವ ಮೊದಲು ಕತ್ತು ಯಾರ ಕಡೆ ತಿರುಗುತ್ತದೆ ಅಂತ ಪರದೆಯಲ್ಲೇ ಕಾಣುತ್ತದೆ. ಜೊತೆಗಿರುವ ಅತ್ತಿಗೆಯೋ ತಂಗಿಯೋ ಏನಾದರೂ ಹೇಳಿದರೆ ಒಂದು ಸಲ ನಂಬಿ.

ಊರಿಗೆ ಬರುವುದಾದರೆ ಮೂರು ದಿನಕ್ಕೆ ಬರಬೇಡಿ, ಹತ್ತು ದಿನ ಇರುವ ಹಾಗೆ ಟಿಕೆಟ್ ಮಾಡಿಸಿ. ಮಗ ಬಂದ ಖುಷಿಗೆ ಮೊದಲ ಮೂರು ದಿನ ಅವರು ಚೆನ್ನಾಗೇ ಇರುತ್ತಾರೆ. ನನ್ನ ಮೈದುನ ನಂಬಿದ್ದು ನಾಲ್ಕನೇ ದಿನ ಸಂಜೆ. ಕಾಫಿ ಲೋಟ ಅವನ ಕೈಗೆ ಕೊಟ್ಟು ಅತ್ತೆ ಕೇಳಿದರು, "ಯಾವಾಗ ಬಂದ್ಯೋ?"